ಅದು ಸೋಮಾರಿತನ ಅಲ್ಲ

ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಅಂದರೆ ಒಬ್ಬರೇ ಮಾತಾಡಿಕೊಳ್ಳುವುದು, ಕಿರುಚಾಡುವುದು ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ. ಎಷ್ಟೋ ಸಲ ಅದು ಶುರುವಾಗುವುದು ಮೌನದಿಂದ. ಹದಿಹರೆಯದ ಕೊನೆ ಅಥವಾ ಇಪ್ಪತ್ತರ ಆಸುಪಾಸು, ಹೆಣ್ಣುಮಕ್ಕಳಲ್ಲಿ ಸ್ವಲ್ಪ ತಡವಾಗಿ.

ಚೆನ್ನಾಗಿ ಓದುತ್ತಿದ್ದ ಹುಡುಗ ಪುಸ್ತಕ ಮುಟ್ಟುವುದಿಲ್ಲ. ಗೆಳೆಯರ ಫೋನ್ ಎತ್ತುವುದಿಲ್ಲ. ಸ್ನಾನಕ್ಕೆ ಹೋಗು ಅಂದರೆ ಟವೆಲ್ ಹೆಗಲಿಗೆ ಹಾಕಿಕೊಂಡು ಅರ್ಧ ಗಂಟೆ ಮಂಚದ ಮೇಲೇ ಕೂತಿರುತ್ತಾನೆ. ಖುಷಿಯ ಸುದ್ದಿ ಹೇಳಿದರೂ ಮುಖ ಅರಳುವುದಿಲ್ಲ. ಮನೆಯಲ್ಲಿ ಅವನಿಗೆ ಸಿಗುವ ಹೆಸರು ಮೈಗಳ್ಳ. ಈ ಮಾತಿನ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮನಸ್ಸು ಮಾಡುವ ಶಕ್ತಿಯನ್ನೇ ಕಾಯಿಲೆ ಕಿತ್ತುಕೊಂಡಿರುವಾಗ 'ಸ್ವಲ್ಪ ಮನಸ್ಸು ಮಾಡು' ಅಂದರೆ ಅವನು ಏನು ಮಾಡಬೇಕು?

ಸುಮ್ನೆ ಒಂಟಿಯಾಗಿ ಇರುವವರಿಗೆಲ್ಲ ಈ ಕಾಯಿಲೆ ಇದೆ ಅಂತಲ್ಲ. ಖಿನ್ನತೆಯೂ ಇರಬಹುದು, ಗಾಂಜಾದಂಥ ಚಟವೂ ಇರಬಹುದು. ಆದರೆ ಇದರ ಜೊತೆಗೆ ನಿದ್ದೆ ಕೆಟ್ಟು, ಪಕ್ಕದವರು ನಕ್ಕರೂ ತನ್ನನ್ನೇ ನೋಡಿ ನಕ್ಕರು, ಟಿವಿಯಲ್ಲಿ ಹೇಳಿದ್ದು ತನ್ನ ಬಗ್ಗೆಯೇ ಅನ್ನುವ ಅನುಮಾನ ಶುರುವಾದರೆ ಕಾಯಬೇಡಿ. ಮನೋವೈದ್ಯರ ಹತ್ತಿರ ಹೋಗಿ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ.

ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಯಾರೂ ಇಲ್ಲದಿದ್ದರೂ ಕೇಳಿಸುವ ದನಿ ಅವರಿಗೆ ನಮ್ಮ ನಿಮ್ಮ ದನಿಯಷ್ಟೇ ನಿಜ. 'ಎಲ್ಲ ನಿನ್ನ ಭ್ರಮೆ' ಅಂತ ವಾದ ಮಾಡಿ ಪ್ರಯೋಜನವಿಲ್ಲ. ಹೌದು ಹೌದು ಅಂತ ತಲೆ ಆಡಿಸುವುದೂ ಬೇಡ. 'ನನಗೆ ಕೇಳಿಸ್ತಿಲ್ಲ ಕಣೋ, ಆದರೆ ನಿನಗೆ ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ' ಅನ್ನಿ, ಸಾಕು.

1952ರಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೋಮಜೀನ್‌ನಿಂದ ಹಿಡಿದು ಇವತ್ತಿನ ಹೆಚ್ಚಿನ ಔಷಧಿಗಳವರೆಗೆ ಮಿದುಳಿನ ಡೋಪಮಿನ್ ಅನ್ನುವ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ದನಿ, ಅನುಮಾನ ತಗ್ಗುತ್ತವೆ. ಆ ನಿರುತ್ಸಾಹ ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆಗ ಎರಡನೇ ಸುತ್ತಿನ ಬೈಗುಳ ಶುರು: 'ಹುಷಾರಾದೆಯಲ್ಲ, ಇನ್ನೂ ಯಾಕೆ ಬಿದ್ದುಕೊಂಡಿದ್ದೀಯ?'

ಬ್ರಿಟನ್‌ನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆಯಿಂದ ಮರಳಿದವರಲ್ಲಿ, ಟೀಕೆ ಮತ್ತು ಅತಿಯಾದ ಕಾಳಜಿ ಜಾಸ್ತಿ ಇದ್ದ ಮನೆಗಳಲ್ಲಿ ಶೇ. 58 ಮಂದಿಗೆ 9 ತಿಂಗಳೊಳಗೆ ಕಾಯಿಲೆ ಮರುಕಳಿಸಿತ್ತು. ಉಳಿದ ಮನೆಗಳಲ್ಲಿ ಶೇ. 16. ಕಾಯಿಲೆ ಮನೆಯವರಿಂದ ಬರುತ್ತದೆ ಅಂತ ಇದರ ಅರ್ಥವಲ್ಲ, ದಯವಿಟ್ಟು ಯಾವ ತಾಯಿಯನ್ನೂ ದೂರಬೇಡಿ. ಆದರೆ ನಮ್ಮ ಮಾತಿಗೆ ಇಷ್ಟು ತೂಕ ಇದೆ.

ಇವತ್ತು ಹಲ್ಲುಜ್ಜಿದರೆ ಅದನ್ನೇ ಮೆಚ್ಚಿ. ಗುಣವಾಯಿತು ಅಂತ ಮಾತ್ರೆ ನಿಲ್ಲಿಸಲು ಬಿಡಬೇಡಿ. ತೂಕ ಏರಿದರೆ, ಕೈ ನಡುಗಿದರೆ ವೈದ್ಯರಿಗೆ ಹೇಳಿ, ಔಷಧಿ ಬದಲಿಸಬಹುದು. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.