ಸಿಕ್ಕಿತು ಅಂದ ಮಾತ್ರಕ್ಕೆ ಉಳಿಯಿತು ಅಂತಲ್ಲ

ಮಡಗಾಸ್ಕರ್ ಪೋಚಾರ್ಡ್ ಅನ್ನೋ ಬಾತಿನ ಬಗ್ಗೆ ಎಲ್ಲಿ ಓದಿದರೂ ಒಂದೇ ಕಥೆ. ಅಳಿದೇಹೋಯಿತು ಅಂದುಕೊಂಡಿದ್ದ ಹಕ್ಕಿ 2006ರಲ್ಲಿ ಮತ್ತೆ ಸಿಕ್ಕಿತು. ಅಲ್ಲಿಗೆ ಎಲ್ಲರೂ ಖುಷಿಪಟ್ಟು ಮುಂದೆ ಹೋಗುತ್ತಾರೆ. ನನ್ನನ್ನು ಕಾಡುವುದು ಅದರ ನಂತರದ ಕಥೆ.

ಇದು ಮಡಗಾಸ್ಕರ್ ಬಿಟ್ಟರೆ ಬೇರೆಲ್ಲೂ ಇಲ್ಲದ ಬಾತು. ಕಡು ಕಂದು ಮೈ, ಗಂಡಿಗೆ ಬೆಳ್ಳನೆಯ ಕಣ್ಣು. ತಲೆ ಮಾತ್ರ ನೀರಿಗೆ ಹಾಕಿ ಬಾಲ ಮೇಲೆತ್ತುವ ಜಾತಿಯಲ್ಲ, ಪೂರ್ತಿ ಮುಳುಗುತ್ತದೆ. ಕಾಲುಗಳು ಮೈಯ ಹಿಂಭಾಗಕ್ಕೆ ಸರಿದಿರುತ್ತವೆ. ನೆಲದ ಮೇಲೆ ಆ ಕಾಲು ತೊಡಕು, ನೀರೊಳಗೆ ಮಾತ್ರ ಹುಟ್ಟು ಹಾಕಿದ ಹಾಗೆ. ತಳಕ್ಕೆ ಇಳಿದು ಹುಳುಹುಪ್ಪಟೆ ಹುಡುಕುತ್ತದೆ. ಕ್ಯಾಡಿಸ್ ನೊಣದ ಮರಿಹುಳು ಅದರ ಮುಖ್ಯ ಆಹಾರ.

ಇದರ ಹಳೇ ಮನೆ ಅಲಾವೋತ್ರಾ, ಆ ದೇಶದ ಅತಿ ದೊಡ್ಡ ಸರೋವರ. ಆಳ ಕಡಿಮೆ, ಸುತ್ತ ಜೊಂಡು. ಗುಡ್ಡದ ಕಾಡು ಬೋಳಾಗಿ ಮಣ್ಣು ಕೊಚ್ಚಿಬಂತು, ಹೂಳು ತುಂಬಿತು. ಜೌಗು ಭತ್ತದ ಗದ್ದೆಯಾಯಿತು. ಹೊರಗಿನಿಂದ ತಂದು ಬಿಟ್ಟ ಕಾರ್ಪ್, ತಿಲಾಪಿಯಾ ಮೀನುಗಳು ನೀರಿನ ಗಿಡಗಳನ್ನು ಹಾಳುಮಾಡಿದವು. 1991ರಲ್ಲಿ ಅಲ್ಲಿ ಮೀನಿನ ಬಲೆಗೆ ಒಂದು ಗಂಡು ಸಿಕ್ಕಿತು. ಅದಕ್ಕೆ ಜೊತೆಯಾಗಿ ಇನ್ನೊಂದು ಸಿಗಲೇ ಇಲ್ಲ. ಮರುವರ್ಷ ಅದೂ ಸತ್ತಿತು.

ಹದಿನೈದು ವರ್ಷದ ಮೇಲೆ, ಉತ್ತರದ ಬೆಮನೆವಿಕಾ ಕಡೆ ಗಿಡುಗ ಹುಡುಕಲು ಹೋದವರ ಕಣ್ಣಿಗೆ ಒಂಬತ್ತು ದೊಡ್ಡ ಬಾತು, ನಾಲ್ಕು ಮರಿ ಬಿದ್ದವು. ಅವು ಇದ್ದದ್ದು ಹಳೇ ಜ್ವಾಲಾಮುಖಿಯ ಕುಳಿಯಲ್ಲಿ ನಿಂತ ನೀರಿನಲ್ಲಿ. ಆಳ ಜಾಸ್ತಿ, ತಿನ್ನಲು ಸಿಗುವುದು ಕಡಿಮೆ.

ಎರಡು ವಾರದ ಮರಿಯನ್ನು ನೆನೆಸಿಕೊಳ್ಳಿ. ಮೈ ತುಂಬ ಇನ್ನೂ ತುಪ್ಪುಳ. ಬೆಳೆಯುವ ವಯಸ್ಸು, ಹಸಿವು ಜಾಸ್ತಿ. ಮುಳುಗುತ್ತದೆ, ತಳ ಸಿಗುವುದಿಲ್ಲ. ಬರಿ ಕೊಕ್ಕಿನಲ್ಲಿ ಮೇಲೆ ಬರುತ್ತದೆ, ಮತ್ತೆ ಮುಳುಗುತ್ತದೆ. ಅಲ್ಲಿ ನೂರಕ್ಕೆ 96 ಮರಿಗಳು ಎರಡು ಮೂರು ವಾರಕ್ಕೇ ಸಾಯುತ್ತಿದ್ದವು. ಹಸಿವಿನಿಂದ.

ಕೊನೆಯ ಹಕ್ಕಿ ಸಿಕ್ಕ ಜಾಗವೇ ಅದರ ಮನೆ ಅಂತ ನಾವು ಸುಲಭವಾಗಿ ನಂಬಿಬಿಡುತ್ತೇವೆ, ಅಲ್ವಾ? ಹಾಗಲ್ಲ. ಆ ಬಾತುಗಳು ಅಲ್ಲಿದ್ದದ್ದು ಆ ನೀರು ಒಗ್ಗಿದ್ದಕ್ಕಲ್ಲ, ಅಲ್ಲಿ ಗದ್ದೆ ಮಾಡಲು ಆಗದಿದ್ದಕ್ಕೆ. ಸುತ್ತ ಬೇಲಿ ಹಾಕಿ ಕಾಪಾಡಿದ್ದರೆ ಅವು ಕಾವಲಿನಲ್ಲೇ ಮುಗಿದುಹೋಗುತ್ತಿದ್ದವು.

ವನ್ಯಜೀವಿ ಉಳಿಸುವ ಡ್ಯುರೆಲ್, ಡಬ್ಲ್ಯೂಡಬ್ಲ್ಯೂಟಿ ಸಂಸ್ಥೆಯವರು, ಮಡಗಾಸ್ಕರಿನ ತಜ್ಞರು ಸೇರಿ 2009ರಲ್ಲಿ ಗೂಡುಗಳಿಂದ ಮೊಟ್ಟೆ ತೆಗೆದರು. ಮರಿಗಳನ್ನು ಕೆಟ್ಟ ರಸ್ತೆಯಲ್ಲಿ ಅಂತ್ಸೊಹಿಹಿ ಊರಿಗೆ ತಂದು ಒಂದು ಹೋಟೆಲಿನಲ್ಲಿ ಸಾಕಿದರು! ಆಮೇಲೆ ಅಲ್ಲೇ ಸಾಕಣೆ ಕೇಂದ್ರ ಎದ್ದಿತು. 2018ರ ಡಿಸೆಂಬರಿನಲ್ಲಿ 21 ಬಾತುಗಳನ್ನು ಉತ್ತರದಲ್ಲೇ ಇರುವ ಸೋಫಿಯಾ ಅನ್ನೋ ಕೆರೆಗೆ ಬಿಟ್ಟರು. ಮೀನು ಸಾಕುವ ತೇಲುವ ಪಂಜರಗಳ ಮಾದರಿಯಲ್ಲೇ ಅವಕ್ಕೂ ಪಂಜರ ಮಾಡಿದ್ದರು. ಬಾಗಿಲು ತೆರೆಯುವ ಮೊದಲೇ ಅವು ಆ ಕೆರೆಯ ನೀರಿನಲ್ಲೇ ಮುಳುಗಿ ಅಭ್ಯಾಸ ಮಾಡಿಕೊಳ್ಳಲಿ ಅಂತ.

ಸೋಫಿಯಾ ಕೆರೆಯ ಸುತ್ತ ಭತ್ತ ಬೆಳೆಯುವವರಿದ್ದಾರೆ, ಬಲೆ ಬೀಸುವವರಿದ್ದಾರೆ. ಅವರನ್ನು ಆಚೆ ಕಳಿಸಿ ಬಾತು ಉಳಿಸಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೂಳು ಬಂದರೆ ಅವರ ಗದ್ದೆಯೂ ಹೋಗುತ್ತದೆ, ಮೀನೂ ಹೋಗುತ್ತದೆ. ಕೆರೆ ಕೆಟ್ಟರೆ ಮೊದಲು ಪೆಟ್ಟು ಬೀಳುವುದು ಅವರಿಗೇ. ಅದಕ್ಕೇ ಅಲ್ಲಿನ ಕೆಲಸ ಊರಿನವರ ಜೊತೆಯಲ್ಲೇ ನಡೆಯುತ್ತಿದೆ. ನಿಧಾನ, ಆದರೆ ಸರಿಯಾದ ದಾರಿ.

ಬಿಟ್ಟ ಮರುವರ್ಷವೇ ಅಲ್ಲಿ ಮರಿಗಳಾದವು. ಈಗ ಈ ಬಾತಿನ ಸುದ್ದಿ ಬಂದಾಗಲೆಲ್ಲ ಎಷ್ಟು ಹಕ್ಕಿ ಇವೆ ಅಂತ ನಾನು ಮೊದಲು ನೋಡುವುದಿಲ್ಲ. ಎಷ್ಟು ಮರಿ ಮೂರು ವಾರ ದಾಟಿದವು ಅಂತ ನೋಡುತ್ತೇನೆ.