ಬೆಂಕಿಪೊಟ್ಟಣದ ಫೋನು, ತಲೆಕೆಳಗಾದ ಗೋಪುರ

ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಸ್ಕೂಲಿನಿಂದ ಎರಡು ಪೇಪರ್ ಕಪ್ಪು ತಂದಳು. ಎರಡಕ್ಕೂ ಸೇರಿಸಿ ಒಂದು ಉದ್ದದ ದಾರ. "ಅಪ್ಪ, ನೀನು ಅಡುಗೆಮನೆಗೆ ಹೋಗು. ದಾರ ಬಿಗಿಯಾಗಿರ್ಬೇಕು, ಗೋಡೆಗೆ ತಾಗಬಾರ್ದು" ಅಂದಳು. ಕಪ್ಪನ್ನು ಕಿವಿಗೆ ಇಟ್ಟುಕೊಂಡೆ. ಅವಳ ಪಿಸುಮಾತು ನನ್ನ ಕಿವಿಯೊಳಗೇ ಹುಟ್ಟಿದ ಹಾಗೆ ಕೇಳಿಸಿತು. ಅಷ್ಟರಲ್ಲಿ ನನ್ನ ಹೆಂಡತಿ ನಡುವೆ ಬಂದು ದಾರವನ್ನು ಎರಡು ಬೆರಳಲ್ಲಿ ಹಿಡಿದಳು. ಮಾತು ತಟ್ಟನೆ ನಿಂತಿತು. ಆಚೆಯಿಂದ ಮಗಳು ಕೂಗಿದಳು: "ಅಮ್ಮ, ನೀನು ನನ್ನ ಮಾತು ಹಿಡ್ಕೊಂಡ್ಬಿಟ್ಟೆ!"

ಆ ಮಾತು ಕೇಳಿ ನನಗೆ ನನ್ನ ಐದನೇ ಕ್ಲಾಸು ನೆನಪಾಯಿತು. ಹೊಸಪೇಟೆಯಲ್ಲಿ ನಾವೂ ಇದನ್ನೇ ಮಾಡುತ್ತಿದ್ದೆವು, ಬೆಂಕಿಪೊಟ್ಟಣದಲ್ಲಿ. ಒಳಗಿನ ಡ್ರಾಯರಿಗೆ ತೂತು ಮಾಡಿ, ಹೊಲಿಗೆ ದಾರ ತೂರಿಸಿ, ಒಳಗಡೆ ಮುರಿದ ಕಡ್ಡಿಗೆ ಗಂಟು ಹಾಕಿದರೆ ಫೋನು ರೆಡಿ. ಒಂದು ದಿನ ಕೊನೇ ಬೆಂಚಿನಿಂದ ಮುಂದಿನ ಬೆಂಚಿಗೆ ದಾರ ಎಳೆದಿದ್ದೆವು. ಸರ್ ನೋಡಿದರು. ದಾರ ಕಿತ್ತು, ಪೊಟ್ಟಣಗಳನ್ನು ಕಿಟಕಿಯಾಚೆ ಎಸೆದರು. ಮೂರು ವರ್ಷ ಆದ ಮೇಲೆ ಎಂಟನೇ ಕ್ಲಾಸಿನಲ್ಲಿ "ಶಬ್ದ ಪ್ರಸಾರಕ್ಕೆ ಮಾಧ್ಯಮ ಬೇಕು" ಅಂತ ಬರೆದುಕೊಂಡು ಬಾಯಿಪಾಠ ಮಾಡಿದೆವು. ಆ ಮಾಧ್ಯಮವನ್ನು ನಾವು ಕೈಯಲ್ಲಿ ಹಿಡಿದಿದ್ದೆವು ಅಂತ ನಮಗೆ ಯಾರೂ ಹೇಳಲಿಲ್ಲ.

ಆ ಸರ್ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕೋಣೆಯಲ್ಲಿ ಅರವತ್ತು ಮಕ್ಕಳು. ಲ್ಯಾಬಿನ ಬೀಗದ ಕೈ ಹೆಡ್‌ಮಾಸ್ಟರ್ ಹತ್ತಿರ. ಪಾಠ ಮುಗಿಸಬೇಕು ಅನ್ನೋ ಅವಸರ. ಆದರೆ ಒಂದು ವಿಷಯ ಮಾತ್ರ ಇವತ್ತಿಗೂ ಕಾಡುತ್ತದೆ. ನಮ್ಮಲ್ಲಿ ಮೊದಲು ಪದ ಬರುತ್ತದೆ, ವಸ್ತು ಆಮೇಲೆ. ಎಷ್ಟೋ ಸಲ ವಸ್ತು ಬರುವುದೇ ಇಲ್ಲ.

ನಾನೀಗ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ. ಈ ರಾಜ್ಯ 2013ರಲ್ಲಿ ಒಪ್ಪಿಕೊಂಡ ವಿಜ್ಞಾನ ಕಲಿಕೆಯ ಚೌಕಟ್ಟಿನಲ್ಲಿ ಬೆಳಕು, ಶಬ್ದ ಎರಡೂ ಒಂದನೇ ಕ್ಲಾಸಿಗೇ ಬರುತ್ತವೆ. ಆರು ವರ್ಷದ ಮಗು ಅಲುಗುವ ವಸ್ತುವಿನಿಂದ ಸದ್ದು ಬರುತ್ತದೆ ಅಂತ ಮಾಡಿ ತೋರಿಸಬೇಕು. ಬೆಳಕೋ ಶಬ್ದವೋ ಬಳಸಿ ದೂರಕ್ಕೆ ಸುದ್ದಿ ಕಳಿಸುವ ಒಂದು ಸಾಧನ ಕಟ್ಟಬೇಕು. ಮಗಳ ಕಪ್ಪು ಅದೇ. ಅಲೆಯ ಎತ್ತರ, ಉದ್ದ ಅನ್ನುವ ಮಾತು ಬರುವುದು ನಾಲ್ಕನೇ ಕ್ಲಾಸಿನಲ್ಲಿ. ಅಷ್ಟು ಹೊತ್ತಿಗೆ ಮಕ್ಕಳು ಹಗ್ಗ ಅಲ್ಲಾಡಿಸಿ, ಸ್ಪ್ರಿಂಗ್ ಎಳೆದು, ಟಬ್ಬಿನ ನೀರಿನಲ್ಲಿ ಕಾರ್ಕ್ ತೇಲಿಬಿಟ್ಟು ನೋಡಿರುತ್ತಾರೆ. ಅಲೆ ಮುಂದೆ ಹೋಗುತ್ತದೆ, ಕಾರ್ಕು ಮಾತ್ರ ಇದ್ದಲ್ಲೇ ಏಳುತ್ತದೆ, ಇಳಿಯುತ್ತದೆ. ಇದನ್ನು ಕಣ್ಣಾರೆ ಕಂಡ ಮಗುವಿಗೆ "ಅಲೆಯಲ್ಲಿ ಸಾಗುವುದು ಶಕ್ತಿ, ವಸ್ತುವಲ್ಲ" ಅಂತ ಹೇಳಿದರೆ ತಕ್ಷಣ ಹತ್ತುತ್ತದೆ. ನಮಗೆ "ಅನುದೈರ್ಘ್ಯ ತರಂಗ" ಅನ್ನುವ ಪದದ ಕಾಗುಣಿತ ಸರಿಯಾಗಿ ಬರೆಯುವುದರಲ್ಲೇ ಒಂದು ಪೀರಿಯಡ್ ಹೋಗಿತ್ತು.

ಇಲ್ಲಿ ಎಕ್ಸ್‌ಪ್ಲೊರೇಟೋರಿಯಂ ಅಂತ ಒಂದು ಜಾಗ ಇದೆ. ಎಲ್ಲವನ್ನೂ ಮುಟ್ಟಿ ನೋಡಬಹುದಾದ ವಿಜ್ಞಾನ ಸಂಗ್ರಹಾಲಯ. 1969ರಲ್ಲಿ ಶುರು ಮಾಡಿದವರು ಫ್ರಾಂಕ್ ಒಪನ್‌ಹೈಮರ್, ಅಣುಬಾಂಬಿನ ರಾಬರ್ಟ್ ಒಪನ್‌ಹೈಮರ್ ಅವರ ತಮ್ಮ. ರಾಜಕೀಯ ಕಾರಣಕ್ಕೆ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು ಕೊಲೊರಾಡೋದಲ್ಲಿ ದನ ಸಾಕಿದವರು. ಆಮೇಲೆ ಅಲ್ಲಿಯ ಸಣ್ಣ ಊರಿನ ಹೈಸ್ಕೂಲಿನಲ್ಲಿ ಪಾಠ ಮಾಡಿದರು. ಮಕ್ಕಳನ್ನು ಊರಿನ ಕಸದ ರಾಶಿಯ ಹತ್ತಿರ ಕರೆದುಕೊಂಡು ಹೋಗಿ, ಅಲ್ಲಿ ಬಿದ್ದಿದ್ದ ಹಳೇ ಸಾಮಾನಿನಲ್ಲೇ ಭೌತವಿಜ್ಞಾನ ಕಲಿಸಿದರಂತೆ. ಈ ದೊಡ್ಡ ಸಂಗ್ರಹಾಲಯದ ಬೇರು ಆ ಕಸದ ರಾಶಿಯಲ್ಲಿದೆ. ಅದು ತಿಳಿದ ಮೇಲೆ ನನಗೆ ಅಲ್ಲಿಗೆ ಹೋದಾಗಲೆಲ್ಲ ಬೆಂಕಿಪೊಟ್ಟಣವೇ ಕಣ್ಣಮುಂದೆ ಬರುತ್ತದೆ.

ಆದರೆ ಇಲ್ಲಿಯದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಇಲ್ಲಿ ಸಾಮಾನು ಕಿಟ್ ಆಗಿ ಬರುತ್ತದೆ. ಕಪ್ಪಿಗೆ ತೂತು ಮೊದಲೇ ಇರುತ್ತದೆ, ದಾರ ಅಳತೆಗೆ ಕತ್ತರಿಸಿರುತ್ತದೆ. ನಾವು ಹತ್ತು ಪೊಟ್ಟಣ ಹರಿದು, ನೂಲು ಬೇಡ, ಹೊಲಿಗೆ ದಾರವೇ ವಾಸಿ ಅಂತ ಕಂಡುಕೊಂಡಿದ್ದೆವು. ಆ ಹುಡುಕಾಟ ಈ ಮಕ್ಕಳಿಗೆ ಸಿಗುವುದಿಲ್ಲ. ಇನ್ನೊಂದು, ಆಟ ಮುಗಿದ ಮೇಲೆ ಮಾತು ಕಮ್ಮಿ. "ದಾರ ಸಡಿಲವಾದ್ರೆ ಯಾಕೆ ಕೇಳಲ್ಲ?" ಅಂತ ಕೂತು ಚರ್ಚೆ ಮಾಡುವ ಮೊದಲೇ ಸಾಮಾನು ಡಬ್ಬಿ ಸೇರಿರುತ್ತದೆ. ನಮ್ಮ ಮೇಷ್ಟ್ರುಗಳಿಗೆ ಬಿಡಿಸಿ ಹೇಳುವ ಕಲೆ ಚೆನ್ನಾಗಿ ಗೊತ್ತಿತ್ತು. ಇಲ್ಲಿಯ ಕೈ, ನಮ್ಮಲ್ಲಿಯ ಬಾಯಿ ಎರಡೂ ಸೇರಬೇಕು ಅನ್ನುವುದು ನನ್ನ ಆಸೆ.

ಭಾನುವಾರದ ಕನ್ನಡ ತರಗತಿಯಲ್ಲಿ ಅದನ್ನೇ ಮಾಡಿ ನೋಡುತ್ತಿದ್ದೇವೆ. ಮೊನ್ನೆ ಒಂದು ಸ್ಟೀಲ್ ಪಾತ್ರೆಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ಒಂದು ಚಿಟಿಕೆ ರವೆ ಉದುರಿಸಿದೆವು. ಯಾರೂ ಪಾತ್ರೆ ಮುಟ್ಟಬಾರದು. ಪಕ್ಕದಲ್ಲಿ ಒಬ್ಬ ಹುಡುಗ ತಟ್ಟೆ ಬಡಿದ. ರವೆ ಕುಣಿಯಿತು! ಮಕ್ಕಳೆಲ್ಲ ಮೇಜಿನ ಮೇಲೆ ಬಗ್ಗಿದರು. ಒಬ್ಬಳು ಬಾಯಿ ಹತ್ತಿರ ತಂದು ತಗ್ಗಿನ ಸ್ವರದಲ್ಲಿ "ಊ" ಅಂದಳು, ರವೆ ಸುಮ್ನೆ ಇತ್ತು. ಸ್ವರ ಮೆಲ್ಲಗೆ ಏರಿಸುತ್ತಾ ಹೋದಳು. ಒಂದು ಕಡೆ ಬಂದಾಗ ರವೆ ಒಮ್ಮೆಲೇ ಜಿಗಿದು, ಅಲ್ಲಲ್ಲಿ ಗೆರೆಯಾಗಿ ಕೂತಿತು. ಇನ್ನೂ ಏರಿಸಿದಳು, ಗೆರೆ ಕೆಟ್ಟಿತು. "ಅಂಕಲ್, ಅದಕ್ಕೆ ಇಷ್ಟವಾದ ಸ್ವರ ಯಾವುದು ಅಂತ ಹುಡುಕ್ಬೇಕು" ಅಂದಳು. ಅನುರಣನೆ ಅನ್ನುವ ಪದವನ್ನು ನಾನು ಆಗ ಹೇಳಿದೆ. ಅದು ಯಾರಿಗೂ ಭಾರ ಅನ್ನಿಸಲಿಲ್ಲ.

ಆ ಗುಂಪಿನಲ್ಲಿ ಮೃದಂಗ ಕಲಿಯುವ ಹುಡುಗನೊಬ್ಬ ಇದ್ದಾನೆ. ಎಡಗಡೆಗೆ ರವೆ ಕಲಸಿ ಹಚ್ಚುವುದು ಅವನಿಗೆ ಗೊತ್ತು. ಬಲಗಡೆ ಕರಣೆ, ಅಂದರೆ ಕಪ್ಪು ಲೇಪ ಇರುತ್ತದೆ. ಸಾಮಾನ್ಯ ಡೋಲಿನ ದನಿಯಲ್ಲಿ ಮೂಲ ಸ್ವರದ ಜೊತೆ ಹುಟ್ಟುವ ಮೇಲಿನ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆಯ ಭಾರದಿಂದ ಮೃದಂಗದಲ್ಲಿ ಅವು ತಂತಿವಾದ್ಯದ ಹಾಗೆ ಹೊಂದಿಕೊಳ್ಳುತ್ತವೆ. ಇದನ್ನು 1920ರಲ್ಲಿ ಬರೆದು ತೋರಿಸಿದವರು ಸಿ.ವಿ. ರಾಮನ್. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಅದು ಗೆರೆ ಕಟ್ಟುವುದನ್ನು ನೋಡಿದವರು. ನಮ್ಮ ರವೆ ಮಾಡಿದ್ದೂ ಅದನ್ನೇ ಅಲ್ವಾ ಅಂತ ಹೇಳಿದಾಗ ಆ ಹುಡುಗನ ಮುಖ ನೋಡಬೇಕಿತ್ತು.

"ಇದೆಲ್ಲ ಅಮೆರಿಕದಲ್ಲಿ ಸರಿ, ನಮ್ಮ ಸರ್ಕಾರಿ ಶಾಲೆಯಲ್ಲಿ ಆಗುತ್ತಾ?" ಅಂತ ಊರಿಗೆ ಹೋದಾಗ ಕೇಳುತ್ತಾರೆ. ಆಗಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಇಂಥದ್ದೇ ಒಂದು ವಿಜ್ಞಾನ ಕಲಿಕೆಯ ಕಾರ್ಯಕ್ರಮ ಶುರುವಾಯಿತು. ಹಳ್ಳಿ ಮಕ್ಕಳು ಗುಂಪಾಗಿ ಕೂತು, ತಾವೇ ಪ್ರಯೋಗ ಮಾಡಿ, ನೋಡಿದ್ದನ್ನು ಬರೆದು ವಿಜ್ಞಾನ ಕಲಿತರು. ಪರೀಕ್ಷೆಗೆ ಪುಸ್ತಕ ಒಯ್ಯಬಹುದಿತ್ತು. 30 ವರ್ಷ ನಡೆಯಿತು. 2002ರಲ್ಲಿ ಸರ್ಕಾರ ನಿಲ್ಲಿಸಿತು. ನನಗೆ ಇದು ಬಹಳ ನೋವಿನ ವಿಷಯ. ಕಸದಿಂದ ಆಟಿಕೆ ಮಾಡಿ ಕಲಿಸುವ ಅರವಿಂದ ಗುಪ್ತಾ ಅವರಿಗೆ ದಾರಿ ಸಿಕ್ಕಿದ್ದೂ ಅಲ್ಲೇ.

ಮತ್ತೆ ನಮ್ಮೂರ ಕಡೆ ಏನಿಲ್ಲ ಹೇಳಿ? ಪಿಸುಗುಟ್ಟಿದ್ದು ಆಚೆ ಬದಿಗೆ ಕೇಳುವ ಗೋಳಗುಮ್ಮಟ ಇದೆ. ಹಂಪಿಯ ವಿರೂಪಾಕ್ಷ ಗುಡಿ ಇದೆ. ಅಲ್ಲಿ ಗರ್ಭಗುಡಿಯ ಹಿಂದಿನ ಕತ್ತಲೆ ಜಾಗದಲ್ಲಿ ಒಂದು ಸಣ್ಣ ಕಿಂಡಿಯಿಂದ ಬೆಳಕು ಬಂದು, ಒಂಬತ್ತು ಅಂತಸ್ತಿನ ದೊಡ್ಡ ಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಎಲ್ಲರೂ ಅದನ್ನು ಗೋಪುರದ ನೆರಳು ಅನ್ನುತ್ತಾರೆ. ಬೆಳಕು ನೇರವಾಗಿ ಸಾಗುತ್ತದೆ ಅನ್ನುವ ಪಾಠಕ್ಕೆ ಇದಕ್ಕಿಂತ ದೊಡ್ಡ ಉಪಕರಣ ಬೇಕಾ? ಆದರೆ ಹೊಸಪೇಟೆಯಲ್ಲಿ ಓದಿದ ನನಗೆ ಸೂಜಿರಂಧ್ರ ಬಿಂಬಗ್ರಾಹಿ (ಪಿನ್‌ಹೋಲ್ ಕ್ಯಾಮೆರಾ) ಅಂದರೆ ಪುಸ್ತಕದ ಒಂದು ಚಿತ್ರ, ಮೇಣದಬತ್ತಿ, ಎರಡು ಗೆರೆ. ಅಷ್ಟೇ.

ಹೋದ ಬೇಸಿಗೆಯಲ್ಲಿ ಮಗಳನ್ನು ಆ ಗುಡಿಗೆ ಕರೆದುಕೊಂಡು ಹೋಗಿದ್ದೆ. ಯಾವುದೋ ಶಾಲೆಯ ಮಕ್ಕಳು ಸಾಲಾಗಿ ಬಂದರು. "ನೋಡಿದ್ರಾ? ನಡೀರಿ, ನಡೀರಿ" ಅಂತ ಅವರ ಸರ್ ಮುಂದೆ ಕಳಿಸಿದರು. ಸಾಲು ಹೋದ ಮೇಲೆ ನಾನು ಹೆಗಲ ಮೇಲಿದ್ದ ಬಿಳಿ ಟವೆಲ್ ಬಿಚ್ಚಿ ಹಿಡಿದೆ. ಗೋಪುರ ಟವೆಲ್ ಮೇಲೆ ಬಂತು. ಕಿಂಡಿಯ ಕಡೆ ಒಂದು ಹೆಜ್ಜೆ ಇಟ್ಟರೆ ಚಿಕ್ಕದಾಯಿತು, ಹಿಂದೆ ಸರಿದರೆ ದೊಡ್ಡದಾಯಿತು. ಸಾಲಿನ ಕೊನೆಯಲ್ಲಿದ್ದ ಇಬ್ಬರು ಹುಡುಗಿಯರು ವಾಪಸ್ ಬಂದು ನಿಂತರು. "ಅಂಕಲ್, ನೆರಳು ಹೆಂಗೆ ಉಲ್ಟಾ ಆಗ್ತದ?" ಅಂತ ಒಬ್ಬಳು ಕೇಳಿದಳು. ಬಿಸಿಲಲ್ಲಿ ನಿಂತಾಗ ನಿನ್ನ ನೆರಳು ಯಾವತ್ತಾದರೂ ತಲೆಕೆಳಗಾಗಿದೆಯಾ ಅಂತ ಕೇಳಿದೆ. ಯೋಚಿಸಿದಳು. "ಇಲ್ಲ. ಹಂಗಾದ್ರೆ ಇದು ನೆರಳಲ್ಲ" ಅಂದಳು.

ನನ್ನ ಮಗಳಿಗೆ ಬೇರೆ ಪ್ರಶ್ನೆ ಬಂದಿತ್ತು. ಕಿಂಡಿಯನ್ನು ಅರ್ಧ ಮುಚ್ಚಿದರೆ ಗೋಪುರ ಅರ್ಧ ಹೋಗುತ್ತಾ? ಕಿಂಡಿ ನಮ್ಮ ಕೈಗೆ ಎಟುಕುವ ಹಾಗಿರಲಿಲ್ಲ. ರಾತ್ರಿ ಅಜ್ಜಿ ಮನೆಯಲ್ಲಿ ಚಪ್ಪಲಿ ಡಬ್ಬಿಗೆ ಒಂದು ಕಡೆ ತೂತು ಮಾಡಿ, ಇನ್ನೊಂದು ಕಡೆ ಕತ್ತರಿಸಿ ಎಣ್ಣೆ ಸವರಿದ ಕಾಗದ ಅಂಟಿಸಿದೆವು. ದೀಪ ಆರಿಸಿ, ಮೇಣದಬತ್ತಿ ಹಚ್ಚಿದೆವು. ಕಾಗದದ ಮೇಲೆ ಜ್ವಾಲೆ ತಲೆಕೆಳಗಾಗಿ ನಿಂತಿತು. ಅವಳು ಒಂದು ಪೋಸ್ಟ್‌ಕಾರ್ಡ್ ತುಂಡನ್ನು ಮೆಲ್ಲಗೆ ಜರುಗಿಸಿ ಅರ್ಧ ತೂತು ಮುಚ್ಚಿದಳು. ಜ್ವಾಲೆ ಪೂರ್ತಿ ಇತ್ತು. ಬೆಳಕು ಮಾತ್ರ ಸ್ವಲ್ಪ ಮಂಕಾಯಿತು. ಅವಳು ಕಾರ್ಡು ತೆಗೆದಳು, ಮತ್ತೆ ಮುಚ್ಚಿದಳು, ಮತ್ತೆ ತೆಗೆದಳು. ಊಟಕ್ಕೆ ಅಜ್ಜಿ ಮೂರು ಸಲ ಕರೆದರು.