ಹಿಂದಿನ ಸೀಟಿನಲ್ಲಿ ಕೂತು ನೋಡಿ, ಆಮೇಲೆ ಕಾರು ತಗೊಳ್ಳಿ

ಊರಿಗೆ ಹೋಗಿಬರೋಕೆ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಕಾರು ಹೇಳಿ ಅಂತ ಪುಣೆಯಲ್ಲಿರುವ ನಮ್ಮ ಕಡೆಯವರು ಆಗಾಗ ಕೇಳುತ್ತಾರೆ. ಕೇಳುವ ಹೊತ್ತಿಗೆ ಹೆಚ್ಚಿನವರ ಮನಸ್ಸಿನಲ್ಲಿ ಒಂದು ಎತ್ತರದ ಎಸ್‌ಯುವಿ ಆಗಲೇ ಕೂತಿರುತ್ತದೆ. ನಾನು ಸೆಡಾನ್ ನೋಡಿ ಅನ್ನುತ್ತೇನೆ, ಅಂದರೆ ಹಿಂದೆ ಬೇರೆ ಡಿಕ್ಕಿ ಇರುವ ತಗ್ಗಿನ ಕಾರು. ಐದಾರು ವರ್ಷ ಹಳೆಯದಾದರೂ ಸರಿ, ಡಿಕ್ಕಿ ದೊಡ್ಡದಿರಬೇಕು, ಹಿಂದೆ ಕೂತವರು ಕಾಲು ಚಾಚುವಂತಿರಬೇಕು. ಪುಣೆಯ ಗೆಳೆಯರಿಗೆ ಇದು ಹಳೇ ಕಾಲದ ಮಾತು ಅನಿಸುತ್ತದೆ. ಉತ್ತರ ಕನ್ನಡದ ರಸ್ತೆ ಬಲ್ಲವರಿಗೆ ಹಾಗೆ ಅನಿಸಬಾರದು.

ದಾರಿಯನ್ನೇ ನೋಡಿ. ಪುಣೆಯಿಂದ ಶಿರಸಿಗೆ ಐನೂರು ಕಿ.ಮೀ. ದಾಟುತ್ತದೆ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ಮೇಲೆ ಹುಬ್ಬಳ್ಳಿವರೆಗೆ ರಾಷ್ಟ್ರೀಯ ಹೆದ್ದಾರಿ 48. ಅಲ್ಲಿ ತಾಸುಗಟ್ಟಲೆ ಒಂದೇ ವೇಗದಲ್ಲಿ ಹೋಗೋದು. ಹುಬ್ಬಳ್ಳಿಯಿಂದ ಮುಂಡಗೋಡದ ಕಡೆ ತಿರುಗಿದ ಮೇಲೆ ರಸ್ತೆ ಸಣ್ಣದಾಗುತ್ತದೆ. ಕಾರವಾರದವರಿಗೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ, ಲಾರಿಗಳ ಸಾಲು, ಆಮೇಲೆ ಅಂಕೋಲೆ. ಶಿರಸಿಯಿಂದ ಕುಮಟೆಗೆ ಇಳಿಯುವವರಿಗೆ ದೇವಿಮನೆ ಘಟ್ಟ. ಬೆಳಿಗ್ಗೆ ಹೆದ್ದಾರಿಯಲ್ಲಿ ನೆಟ್ಟಗೆ ಓಡಿದ ಕಾರೇ ಸಂಜೆ ತಿರುವಿನ ಮೇಲೆ ತಿರುವು ಸುತ್ತಬೇಕು.

ಎತ್ತರದ ಕಾರಿನ ತೂಕವೂ ಎತ್ತರದಲ್ಲಿರುತ್ತದೆ. ಹಾಗಾಗಿ ತಿರುವಿನಲ್ಲಿ ಅದು ಹೊರಗಡೆಗೆ ಹೆಚ್ಚು ವಾಲುತ್ತದೆ. ಓಡಿಸುವವರಿಗೆ ಇದು ಅಷ್ಟು ಗೊತ್ತಾಗುವುದಿಲ್ಲ. ಅವರ ಕೈಯಲ್ಲಿ ಸ್ಟೀರಿಂಗ್ ಇರುತ್ತದೆ, ಮುಂದಿನ ತಿರುವು ಕಣ್ಣಿಗೆ ಕಾಣುತ್ತಿರುತ್ತದೆ. ಹಿಂದೆ ಕೂತ ವಯಸ್ಸಾದವರಿಗೆ, ಮಕ್ಕಳಿಗೆ ಎರಡೂ ಇಲ್ಲ. ಎಡಕ್ಕೆ ಜಾರಿ, ಬಲಕ್ಕೆ ಜಾರಿ, ಅರ್ಧ ಘಟ್ಟ ಇಳಿಯೋದರೊಳಗೆ ಹೊಟ್ಟೆ ತೊಳೆಸೋಕೆ ಶುರುವಾಗುತ್ತದೆ. ಸೆಡಾನ್ ತಗ್ಗಿರುವುದರಿಂದ ವಾಲೋದು ಕಡಿಮೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಜಾಸ್ತಿ ಇದ್ದರೆ ಹೆದ್ದಾರಿಯ ಉಬ್ಬುತಗ್ಗಿನಲ್ಲಿ ಮುಂದೆ ಹಿಂದೆ ತೂಗೋದೂ ಕಡಿಮೆ. ಗಾಳಿಯನ್ನು ಸೀಳಿಕೊಂಡು ಹೋಗೋಕೆ ಸುಲಭವಾದ ಆಕಾರ ಬೇರೆ, ಒಳಗೆ ಸದ್ದು ಕಡಿಮೆ, ಪೆಟ್ರೋಲೂ ಉಳಿಯುತ್ತದೆ.

ಡಿಕ್ಕಿಯ ಮಾತನ್ನೂ ಹೇಳಬೇಕು. ಊರಿಂದ ವಾಪಸ್ ಬರುವಾಗ ನಮ್ಮ ಕಾರಿನಲ್ಲಿ ಏನೇನಿರುತ್ತದೆ ಅಂತ ಪುಣೆಯವರಿಗೆ ಹೇಳಿದರೆ ನಂಬುವುದಿಲ್ಲ. ಸುಲಿದ ತೆಂಗಿನಕಾಯಿ ಚೀಲ, ಜೋನಿಬೆಲ್ಲದ ಡಬ್ಬಿ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳದ ಕಟ್ಟು, ಸೀಸನ್ ಇದ್ದರೆ ಇಡೀ ಹಲಸಿನ ಹಣ್ಣು. ಕಾರವಾರದ ಗೆಳೆಯರಾದರೆ ಒಣಮೀನು. ಸೆಡಾನ್‌ನಲ್ಲಿ ಇದೆಲ್ಲ ಬೇರೆ ಕೋಣೆಯಲ್ಲಿ ಮುಚ್ಚಿಕೊಂಡಿರುತ್ತದೆ. ವಾಸನೆ ಮೂಗಿಗೆ ಬಡಿಯುವುದಿಲ್ಲ. ಬ್ರೇಕ್ ಹಾಕಿದಾಗ ತೆಂಗಿನಕಾಯಿ ಹಾರಿ ಬಂದು ಯಾರ ತಲೆಗೂ ತಾಗುವುದಿಲ್ಲ.

ತೋಟದ ಮನೆಯ ದಾರಿಯಲ್ಲಿ ಸೆಡಾನ್ ಕೆಳಗೆ ತಾಗುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಅದು ಕೊನೆಯ ಅರ್ಧ ಕಿ.ಮೀ. ಮಾತು. ಜನ ಇಳಿದು, ಹಗುರವಾದ ಕಾರನ್ನು ನಿಧಾನಕ್ಕೆ ಒಳಗೆ ತಂದರೆ ಸಾಮಾನ್ಯವಾಗಿ ಆಗುತ್ತದೆ. ನಿಮ್ಮ ಮನೆಗೆ ಹಳ್ಳ ದಾಟಿಯೇ ಹೋಗಬೇಕು ಅಂತಿದ್ದರೆ ಮಾತ್ರ ನನ್ನ ಮಾತು ಬಿಡಿ, ಎತ್ತರದ ಕಾರನ್ನೇ ತಗೊಳ್ಳಿ. ಮಂಡಿನೋವು ಇರುವವರ ಕಷ್ಟ ಇದಕ್ಕಿಂತ ದೊಡ್ಡದು. ತಗ್ಗಿನ ಸೀಟಿನಿಂದ ಏಳೋದು ಅವರಿಗೆ ನಿಜಕ್ಕೂ ನೋವಿನ ಕೆಲಸ. ಅದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ, ಅವರನ್ನೇ ಕೂರಿಸಿ, ಇಳಿಸಿ ನೋಡಬೇಕು.

ಪುಣೆ, ಶಿರಸಿ ಎರಡೂ ಊರಿನ ರೀತಿಯಲ್ಲಿ ನನಗೆ ಜಾಸ್ತಿ ವ್ಯತ್ಯಾಸ ಕಾಣುವುದು ಇಲ್ಲೇ. ಪುಣೆಯಲ್ಲಿ ಟೆಸ್ಟ್ ಡ್ರೈವ್ ಅಂದರೆ ಮಾರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೆರಡು ಸಿಗ್ನಲ್ ದಾಟಿ ಬರೋದು. ತಗೊಳ್ಳುವವರು ಡ್ರೈವರ್ ಸೀಟಿನಿಂದ ಏಳುವುದೇ ಇಲ್ಲ. ಟಚ್ ಸ್ಕ್ರೀನ್ ಮುಟ್ಟಿ, ಸನ್‌ರೂಫ್ ತೆಗೆದು ನೋಡಿ, ಫೋಟೋ ಹೊಡೆದು ಬರುತ್ತಾರೆ. ಶಿರಸಿಯಲ್ಲಿ ನನ್ನ ಭಾವ ಕಾರು ನೋಡಿದಾಗ ಹೀಗಿರಲಿಲ್ಲ. ಮಾರುವವರು ಕೀಲಿ ಕೈಗಿಟ್ಟು, "ಘಟ್ಟ ಇಳ್ದು ಹತ್ಕಂಡು ಬನ್ನಿ, ಆಮೇಲೆ ಮಾತಾಡನ" ಅಂದರು. ಮನೆಮಂದಿ ಎಲ್ಲ ಹೊರಟೆವು. ಆಯಿ (ಅಮ್ಮ) ಹಿಂದೆ ಎಡಗಡೆ ಕೂತಿದ್ದರು. ವಾಪಸ್ ಬಂದ ಮೇಲೆ ಎಂಜಿನ್ ಚೆನ್ನಾಗಿದೆ, ಪಿಕಪ್ ಇದೆ ಅಂತ ನಾವು ಮಾತಾಡುತ್ತಿದ್ದರೆ ಅವರು ಹೇಳಿದ್ದು ಒಂದೇ ಮಾತು: "ತೊಡೆ ಅಡಿಗೆ ಆಧಾರನೇ ಇಲ್ಲೆ ತಮಾ."

ಆ ಕಾರನ್ನು ಭಾವ ಬಿಟ್ಟರು. ಬಿಟ್ಟಿದ್ದು ಸರಿ. ಹಿಂದಿನ ಸೀಟಿನ ಕೂರುವ ಭಾಗ ಗಿಡ್ಡ ಇದ್ದರೆ, ಅಥವಾ ನೆಲಕ್ಕೆ ತೀರಾ ಹತ್ತಿರ ಇದ್ದರೆ, ಮಂಡಿ ಮೇಲೆ ಬಂದು ಮೈಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಹತ್ತು ನಿಮಿಷದಲ್ಲಿ ಇದು ಗೊತ್ತಾಗುವುದಿಲ್ಲ. ಬೆಳಗಾವಿ ಮುಟ್ಟುವಷ್ಟರಲ್ಲಿ ಗೊತ್ತಾಗುತ್ತದೆ. ಕೂತಾಗ ತೊಡೆ ಮಂಡಿಯ ಹತ್ತಿರದವರೆಗೂ ಸೀಟಿಗೆ ತಾಗಿರಬೇಕು, ತಲೆ ಮೇಲೆ ಜಾಗ ಇರಬೇಕು, ಹಿಂದಿನವರಿಗೆ ಬೇರೆ ಎಸಿ ಕಿಂಡಿ ಇರಬೇಕು. ಏಪ್ರಿಲ್ ಬಿಸಿಲಿನಲ್ಲಿ ಆ ಕಿಂಡಿಗೆ ಇರುವ ಬೆಲೆ ಸನ್‌ರೂಫಿಗೆ ಇಲ್ಲ. ಹಿಂದೆ ಎಲ್ಲರಿಗೂ ಸರಿಯಾದ ಬೆಲ್ಟ್ ಇದೆಯಾ ಅಂತಲೂ ನೋಡಿ. ಎರಡು ಏರ್‌ಬ್ಯಾಗ್, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲದ ಕಾರನ್ನು ದೂರದ ದಾರಿಗೆ ನಾನು ಯಾರಿಗೂ ಹೇಳುವುದಿಲ್ಲ. ಹಳೆ ಮಾದರಿಗಳಲ್ಲಿ ಕಡಿಮೆ ಬೆಲೆಯ ಆವೃತ್ತಿಗೆ ಇವು ಇಲ್ಲದೇ ಇರಬಹುದು, ಕೇಳಿಯೇ ತಿಳಿದುಕೊಳ್ಳಿ.

ಕಾರಿನ ಅಡಿಭಾಗ ನೋಡುವುದರಲ್ಲೂ ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ನಾನು ತಲೆಬಾಗುತ್ತೇನೆ. ಕೆಎ 30 ಅಂದರೆ ಕಾರವಾರ, ಕೆಎ 47 ಅಂದರೆ ಹೊನ್ನಾವರ. ಈ ನಂಬರ್ ನೋಡಿದ ಕೂಡಲೇ ಶಿರಸಿಯ ಗ್ಯಾರೇಜಿನವರು ಕಾರನ್ನು ಎತ್ತಿಸುತ್ತಾರೆ. ಉಪ್ಪುಗಾಳಿ ಮೇಲಿನ ಬಣ್ಣಕ್ಕಿಂತ ಮೊದಲು ಕೆಳಗಿನ ಲೋಹವನ್ನು ತಿನ್ನುತ್ತದೆ. ಸೈಲೆನ್ಸರ್‌ನ ಬೆಸುಗೆ, ಬ್ರೇಕ್ ಪೈಪು, ಬಾಗಿಲಿನ ಕೆಳ ಅಂಚು, ಸ್ಟೆಪ್ನಿ ಇಡುವ ಗುಂಡಿ, ಬಾನೆಟ್ ಒಳಗೆ ಶಾಕ್ ಅಬ್ಸರ್ಬರ್ ಬಂದು ಕೂರುವ ಜಾಗ, ಇವೆಲ್ಲ ನೋಡಬೇಕು. ಸೈಲೆನ್ಸರ್ ಬದಲಾಯಿಸಬಹುದು. ಶಾಕ್ ಅಬ್ಸರ್ಬರ್ ಕೂರುವ ಜಾಗದಲ್ಲಿ ತುಕ್ಕು ಹಿಡಿದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಘಟ್ಟದ ಮೇಲಿನ ಕಾರಿನ ತೊಂದರೆ ಬೇರೆ. ಮಳೆಗಾಲದ ತೇವಕ್ಕೆ ಸೀಟಿನ ಒಳಗೆ ಬೂಸ್ಟು, ಅಡಿಕೆ ಮನೆಯ ಇಲಿ ಕಡಿದ ವೈರು, ಹೊಂಡ ಹಾರಿಸಿ ಸಡಿಲವಾದ ಲೋವರ್ ಆರ್ಮ್ ಬುಷ್, ಅಂದರೆ ಚಕ್ರ ಹಿಡಿದಿಡುವ ತೋಳಿನ ರಬ್ಬರ್. ಬುಷ್ ಹೋಗಿದ್ದರೆ ಸ್ಪೀಡ್ ಬ್ರೇಕರ್ ಮೇಲೆ ಕಟ್ ಕಟ್ ಅನ್ನುತ್ತದೆ. ಅದಕ್ಕೆ ಹೆದರಬೇಕಿಲ್ಲ, ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡರಾಯಿತು.

ಹಾಗಂತ ಒಳನಾಡಿನ ಕಾರು ಕಣ್ಣುಮುಚ್ಚಿ ತಗೊಳ್ಳುವಂತಿಲ್ಲ. ಕೊಲ್ಹಾಪುರ, ಸಾಂಗ್ಲಿಯಲ್ಲಿ 2019ರಲ್ಲೂ 2021ರಲ್ಲೂ ದೊಡ್ಡ ನೆರೆ ಬಂತು. ಕೊಂಕಣದ ಚಿಪಳೂಣ ಕೂಡ 2021ರಲ್ಲಿ ಮುಳುಗಿತ್ತು. ನೀರಲ್ಲಿ ನಿಂತ ಕಾರುಗಳು ತೊಳೆದು, ಒರೆಸಿಕೊಂಡು ಬೇರೆ ಊರಿನ ಮಾರುಕಟ್ಟೆಗೆ ಬರುತ್ತವೆ. ಪುಣೆಯ ಒಬ್ಬ ವ್ಯಾಪಾರಿಯ ಹತ್ತಿರ ನನ್ನ ಗೆಳೆಯರು ಒಂದು ಸೆಡಾನ್ ನೋಡಿ ಮುಂಗಡ ಕೊಡೋಕೆ ಹೊರಟಿದ್ದರು. ಮಿರಮಿರ ಮಿಂಚುವ ಕಾರು, ತಪಾಸಣೆಯ ರಿಪೋರ್ಟಿನಲ್ಲಿ ಎಲ್ಲಾ ಕಡೆ ಹಸಿರು ಗುರುತು. ಜೊತೆಗೆ ಬಂದ ಮೆಕ್ಯಾನಿಕ್ ಹಿಂದಿನ ಸೀಟ್ ಬೆಲ್ಟನ್ನು ಮೆಲ್ಲಗೆ ಎಳೆಯತೊಡಗಿದರು. ದಿನಾ ಯಾರೂ ಅಷ್ಟು ಎಳೆಯುವುದಿಲ್ಲ. ಪೂರ್ತಿ ಎಳೆದಾಗ ಕೊನೆಯ ಒಂದು ಗೇಣು ಬೆಲ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಉಗುರಿನಿಂದ ಕೆರೆದರೆ ಒಣಗಿದ ಕೆಸರು ಪುಡಿಪುಡಿಯಾಗಿ ಬಿತ್ತು. ಮುಂಗಡ ಜೇಬಿನಲ್ಲೇ ಉಳಿಯಿತು. ಅಂದಿನಿಂದ ಯಾವ ಕಾರು ನೋಡಿದರೂ ನಾನು ಮೊದಲು ಬೆಲ್ಟ್ ಎಳೆಯುತ್ತೇನೆ, ಆಮೇಲೆ ಕಾರ್ಪೆಟ್ ಎತ್ತಿ ಸೀಟಿನ ಕಂಬಿಗೆ ತುಕ್ಕು ಹಿಡಿದಿದೆಯಾ ಅಂತ ನೋಡುತ್ತೇನೆ.

ಪುಣೆಯವರಿಂದ ನಾವು ಕಲಿಯಲೇಬೇಕಾದದ್ದು ಕಾಗದಪತ್ರದ ಶಿಸ್ತು. ನಮ್ಮ ಕಡೆ ಗುರುತು ಪರಿಚಯದ ಮೇಲೆ ಕಾರು ಕೈ ಬದಲಾಗುತ್ತದೆ, ಆರ್‌ಸಿ ಮಾತ್ರ ವರ್ಷಗಟ್ಟಲೆ ಹಳೆ ಮಾಲೀಕರ ಹೆಸರಿನಲ್ಲೇ ಇರುತ್ತದೆ. "ನಮ್ಮವರೇ ಅಲ್ವಾ, ಮಾಡಿಸಿದ್ರಾಯ್ತು." ಇದು ನನಗೆ ನಿಜಕ್ಕೂ ಕಳವಳ ತರುವ ವಿಷಯ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರು ಇದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾರು ಮಾರಿ ನೆಮ್ಮದಿಯಾಗಿ ಕೂತವರ ಮನೆಗೆ ನೋಟಿಸ್ ಬರುತ್ತದೆ. ಹೆಸರು ಬದಲಾವಣೆಯ ನಮೂನೆ 29 ಮತ್ತು 30 ಸಹಿ ಮಾಡಿ ಸುಮ್ನೆ ಇಟ್ಟುಕೊಂಡರೆ ಸಾಲದು, ಆರ್‌ಟಿಒಗೆ ಕೊಡಬೇಕು. ಕಾರಿನ ಮೇಲೆ ಸಾಲ ಇತ್ತು ಅಂದರೆ ಸಾಲ ತೀರಿದೆ ಅನ್ನುವ ಬ್ಯಾಂಕಿನ ಪತ್ರ ಮತ್ತು ನಮೂನೆ 35 ಇಲ್ಲದೆ ಹಣ ಕೊಡಬೇಡಿ. ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಿ. ವಿಮೆ ಹಣ ಕೇಳದಿದ್ದವರಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಹಳೆ ಮಾಲೀಕರದ್ದು, ಕಾರಿನ ಜೊತೆ ಬರುವುದಿಲ್ಲ.

ಓಡಿದ ಕಿ.ಮೀ. ಬಗ್ಗೆ ಎರಡೂ ಊರಿನವರು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಮೀಟರ್ ತಿರುಗಿಸೋದು ಕಷ್ಟದ ಕೆಲಸವೇ ಅಲ್ಲ. ಸರ್ವೀಸ್ ದಾಖಲೆ ಕೇಳಿ, ಬ್ರೇಕ್ ಪೆಡಲ್ ರಬ್ಬರ್ ಎಷ್ಟು ಸವೆದಿದೆ ನೋಡಿ. ಹೆದ್ದಾರಿಯಲ್ಲಿ ಎಂಬತ್ತು ಸಾವಿರ ಓಡಿ, ಸಮಯಕ್ಕೆ ಎಂಜಿನ್ ಎಣ್ಣೆ ಬದಲಾಯಿಸಿಕೊಂಡ ಕಾರು, ಪುಣೆಯ ಟ್ರಾಫಿಕ್‌ನಲ್ಲಿ ಮೂವತ್ತು ಸಾವಿರ ತೆವಳಿದ ಕಾರಿಗಿಂತ ನನಗೆ ಇಷ್ಟ. ಟೈರ್ ಬಗ್ಗೆ ಮಾತ್ರ ತೀರಾ ಕಟ್ಟುನಿಟ್ಟಾಗಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೆರೆ ಎಷ್ಟೇ ಆಳ ಉಳಿದಿರಲಿ, ಅಷ್ಟು ಹಳೆಯ ಟೈರಿನಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯಬೇಡಿ.

ಯಾವ ಕಾರು ಅಂತ ಕೇಳುವವರಿಗೆ ನನ್ನ ಮೊದಲ ಉತ್ತರ ಮಾರುತಿ ಸಿಯಾಜ್. 2014ರಲ್ಲಿ ಬಂದು 2025ರಲ್ಲಿ ನಿಂತ ಕಾರು. ಚಕ್ರಗಳ ನಡುವೆ 2650 ಮಿ.ಮೀ., ಡಿಕ್ಕಿ 510 ಲೀಟರ್, ಹಿಂದೆ ಕಾಲು ಚಾಚೋಕೆ ಧಾರಾಳ ಜಾಗ. 2018ರಿಂದ ಬಂದ 1.5 ಪೆಟ್ರೋಲ್ ಎಂಜಿನ್ ಓಡಿಸುವವರಿಗೆ ಹುರುಪು ಕೊಡುವುದಿಲ್ಲ, ಆದರೆ ನಯವಾಗಿದೆ. ಮುಖ್ಯವಾಗಿ ಶಿರಸಿಯಲ್ಲಾಗಲಿ ಕುಮಟೆಯಲ್ಲಾಗಲಿ ಅದನ್ನು ಬಿಚ್ಚೋಕೆ ಯಾರೂ ಹೆದರುವುದಿಲ್ಲ. ಹೋಂಡಾ ಸಿಟಿಯ 2014ರ ಮಾದರಿ ಇದಕ್ಕಿಂತ ಚುರುಕು, ಬೆಲೆಯೂ ಗಟ್ಟಿ. ಟೊಯೋಟಾ ಎಟಿಯೋಸ್ ನೋಡೋಕೆ ಸಪ್ಪೆ. ಆದರೂ ದೊಡ್ಡ ಡಿಕ್ಕಿ, ಕಡಿಮೆ ರಗಳೆ ಬೇಕಿದ್ದವರು ಅದನ್ನು ತಳ್ಳಿಹಾಕಬಾರದು. ಹಣ ಇದ್ದವರಿಗೆ 2022ರಲ್ಲಿ ಬಂದ ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿವೆ. ಎರಡೂ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಪಡೆದವು. ಹೆದ್ದಾರಿಯಲ್ಲಿ ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತವೆ. ಹಳೆಯ ಡಿಎಸ್‌ಜಿ ಅನ್ನುವ ಆಟೋಮ್ಯಾಟಿಕ್ ಗೇರ್ ಇರುವ ಕಾರನ್ನು ಮಾತ್ರ ವಾರಂಟಿ ಇಲ್ಲದೆ ತಗೊಳ್ಳಬೇಡಿ ಅನ್ನುತ್ತೇನೆ. ಅದು ಕೆಟ್ಟರೆ ರಿಪೇರಿ ಖರ್ಚು ತಡೆದುಕೊಳ್ಳುವುದು ಕಷ್ಟ. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಊರಿಗೆ ಹೋಗುವವರಿಗೆ ಡೀಸೆಲ್ ಬೇಡ. 2020ರ ಏಪ್ರಿಲ್ ನಂತರದ ಡೀಸೆಲ್ ಕಾರುಗಳ ಹೊಗೆ ಸೋಸುವ ಫಿಲ್ಟರ್ ಊರೊಳಗಿನ ಚಿಕ್ಕ ಚಿಕ್ಕ ಓಡಾಟಕ್ಕೆ ಕಟ್ಟಿಕೊಳ್ಳುತ್ತದೆ.

ಪುಣೆಯಲ್ಲಿ ಆಯ್ಕೆ ಜಾಸ್ತಿ, ಬೆಲೆ ಕಡಿಮೆ ಅಂತ ಊರಿನವರು ಇಲ್ಲಿಂದಲೇ ಕಾರು ಕಳಿಸು ಅನ್ನುವುದುಂಟು. ನೀವು ಪುಣೆಯಲ್ಲೇ ಇದ್ದು ಹಬ್ಬಕ್ಕೆ ಊರಿಗೆ ಓಡಿಸುವುದಾದರೆ ಎಂಎಚ್ ನಂಬರ್ ಇದ್ದರೆ ಏನೂ ತೊಂದರೆ ಇಲ್ಲ. ಕಾರು ಶಿರಸಿಯಲ್ಲೇ ಉಳಿಯುವುದಾದರೆ ಲೆಕ್ಕವೇ ಬೇರೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವ ಗಾಡಿಗೆ ಅಲ್ಲಿಯ ನಂಬರ್ ಪಡೆಯಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಮಹಾರಾಷ್ಟ್ರದ ಆರ್‌ಟಿಒದಿಂದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಅಂದರೆ ನಮೂನೆ 28ರ ಎನ್‌ಒಸಿ ಬೇಕು, ಕರ್ನಾಟಕದಲ್ಲಿ ಕಾರಿನ ವಯಸ್ಸು ನೋಡಿ ಹಾಕುವ ಜೀವಿತಾವಧಿ ತೆರಿಗೆ ಕಟ್ಟಬೇಕು. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗ ವಾಪಸ್ ಕೇಳಬಹುದು, ಅಲೆದಾಟ ಇದ್ದದ್ದೇ. ಕಾರಿನ ಬೆಲೆ ಮಾತಾಡುವ ಮೊದಲು ಕೆಎ 31 ನಂಬರಿಗೆ ಎಷ್ಟಾಗುತ್ತದೆ ಅಂತ ಶಿರಸಿಯ ಆರ್‌ಟಿಒದಲ್ಲಿ ಕೇಳಿಕೊಂಡು ಬನ್ನಿ. ಎರಡೂ ಕೂಡಿಸಿದಾಗ ಉಳಿತಾಯ ಕಾಣದಿದ್ದರೆ ಹುಬ್ಬಳ್ಳಿಯಲ್ಲಿ ಹುಡುಕಿ. ಉಪ್ಪುಗಾಳಿ ಇಲ್ಲ, ನಂಬರ್ ಕರ್ನಾಟಕದ್ದೇ, ಮನೆಮಂದಿಯನ್ನು ಕರೆದುಕೊಂಡು ಬೆಳಿಗ್ಗೆ ಹೋಗಿ ನೋಡಿ ಸಂಜೆ ವಾಪಸ್ ಬರಬಹುದು.